ಒಂದು ದೀಪ, ಮೂರು ಗುಂಡಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ಕಟ್ಟಿದ ಮನೆಯನ್ನು ಎರಡು ತಲೆಮಾರಿನ ಮೇಲೆ ಬಿಚ್ಚಿ ನೋಡು ಎಂದು ಮಾತ್ರ ಹೇಳಲಿಲ್ಲ. ಅವರ ಕಾಲದ ಗೋಡೆಗಳಲ್ಲಿ ಇಟ್ಟಿಗೆ, ಮಣ್ಣು, ಹೆಚ್ಚೆಂದರೆ ಒಂದು ಇಲಿಯ ಬಿಲ, ಇಷ್ಟೇ ಇರುತ್ತಿದ್ದುದರಿಂದ ಬಿಚ್ಚಿ ನೋಡತಕ್ಕದ್ದು ಅವರಿಗೆ ಏನೂ ಕಾಣಲಿಲ್ಲವೋ ಏನೋ. ವಿದ್ಯುತ್ತಿನ ತಂತಿ ಒಳಹೊಕ್ಕ ಮೇಲೆ ಮನೆಗೂ ಒಂದು ಒಳಮನಸ್ಸು ಬಂದಂತಾಗಿದೆ. ಯಾವ ಕಾಲದಲ್ಲಿ ಯಾರು ಯಾವ ತಂತಿಯನ್ನು ಎಲ್ಲಿಗೆ ಜೋಡಿಸಿದರು, ಏಕೆ ಜೋಡಿಸಿದರು ಎಂಬುದೆಲ್ಲ ಸುಣ್ಣಬಣ್ಣದ ಹಿಂದೆ ಮರೆಯಾಗಿ ಕುಳಿತಿರುತ್ತದೆ.

ಬಸವನಗುಡಿಯಲ್ಲಿರುವ ನಮ್ಮ ಮನೆಯನ್ನು ನನ್ನ ತಾತ 1956ರಲ್ಲಿ ಕಟ್ಟಿಸಿದರು. ಮಹಡಿಯ ಎರಡು ಕೋಣೆಗಳನ್ನು ತಂದೆಯವರು 1971ರಲ್ಲಿ ಸೇರಿಸಿದರು. ಕಳೆದ ವರ್ಷ ಮಳೆಗಾಲ ಮುಗಿಯುತ್ತಲೇ ನಾವು ಅದರ ದುರಸ್ತಿಗೆ ಕೈ ಹಾಕಿದೆವು. ಕೆಲಸದ ಹಂಚಿಕೆ ಮನೆಯ ರಾಜ್ಯಾಂಗದಂತೆ ನಡೆಯಿತು. ನೆಲದ ಹಾಸು, ಗೋಡೆಯ ಬಣ್ಣ, ಅಡಿಗೆಮನೆಯ ಕಟ್ಟೆ ಇವೆಲ್ಲ ನನ್ನಾಕೆಯ ಇಲಾಖೆ. ಬಚ್ಚಲು, ನಲ್ಲಿ, ನೀರಿನ ತೊಟ್ಟಿ ಮಗಳದ್ದು. ಮೂವತ್ತೈದು ವರ್ಷ ಹುಡುಗರಿಗೆ ಪಾಠ ಹೇಳಿ ನಿವೃತ್ತನಾದ ನನಗೆ ಯಾವುದನ್ನು ಒಪ್ಪಿಸಿದರೆ ಅಪಾಯ ಕಡಿಮೆ ಎಂದು ಇಬ್ಬರೂ ಯೋಚಿಸಿದರೆಂದು ತೋರುತ್ತದೆ. “ನೀವು ಸ್ವಿಚ್ಚುಗಳನ್ನು ನೋಡಿಕೊಳ್ಳಿ. ಎಲ್ಲಾ ಒಂದೇ ಥರ ಇದ್ದರೆ ಸಾಕು” ಎಂದು ಅಪ್ಪಣೆಯಾಯಿತು.

ಎಲ್ಲಾ ಒಂದೇ ಥರ ಇದ್ದರೆ ಸಾಕು! ಈ ಮಾತಿನಷ್ಟು ಸುಲಭವಾಗಿ ಕೇಳಿಸಿ ಇಷ್ಟು ಕಷ್ಟಕ್ಕೆ ಗುರಿಮಾಡಿದ ಮಾತು ಮತ್ತೊಂದಿಲ್ಲ. ಒಂದೇ ಥರ ಎಂದರೇನು ಎಂಬುದನ್ನು ತಿಳಿಯಲು ನನಗೆ ಎರಡು ತಿಂಗಳು ಹಿಡಿಯಿತು. ತಿಳಿದಾಗ ಅದು ಸ್ವಿಚ್ಚಿನ ವಿಷಯವಾಗಿ ಮಾತ್ರ ಉಳಿದಿರಲಿಲ್ಲ.

*

ಸ್ವಿಚ್ಚನ್ನು ನಾವು ಒತ್ತುತ್ತೇವೆ, ನೋಡುವುದಿಲ್ಲ. ಈ ನಾಡಿಗೆ ವಿದ್ಯುತ್ತು ಬಂದ ಕಥೆಯನ್ನು ಅನೇಕರು ಬಲ್ಲರು. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೊದಲಾದ ಶಿವನಸಮುದ್ರದ ಯೋಜನೆ, 1902ರಲ್ಲಿ ಕಾವೇರಿಯ ಶಕ್ತಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದ್ದು, 1905ನೆಯ ಆಗಸ್ಟ್ 5ರಂದು ಬೆಂಗಳೂರಿನ ಬೀದಿಯಲ್ಲಿ ಮೊದಲ ವಿದ್ಯುದ್ದೀಪ ಹೊತ್ತಿದ್ದು, ಇವುಗಳನ್ನು ಮಕ್ಕಳೂ ಪಾಠದಲ್ಲಿ ಓದುತ್ತಾರೆ. ದೀಪದ ಕಥೆಯಲ್ಲಿ ಗುಂಡಿಗೆ ಮಾತ್ರ ಒಂದು ಸಾಲೂ ಇಲ್ಲ. ಎಣ್ಣೆಯ ದೀಪವನ್ನು ಹಚ್ಚುವವರು ದೀಪದ ಬಳಿಗೇ ಹೋಗಬೇಕಾಗಿತ್ತು. ದೀಪ ಒಂದು ಕಡೆ, ಅದನ್ನು ಹಚ್ಚುವ ಕೈ ಮತ್ತೊಂದು ಕಡೆ ಇರಬಹುದೆಂಬ ಆಶ್ಚರ್ಯವನ್ನು ತಂದದ್ದು ಈ ಗುಂಡಿ.

ಮೊದಮೊದಲು ಅದೂ ಸುಲಭವಾಗಿರಲಿಲ್ಲ. ಪ್ರವಾಹ ಹರಿಯುತ್ತಿರುವಾಗ ಎರಡು ಲೋಹದ ತುದಿಗಳನ್ನು ನಿಧಾನವಾಗಿ ಅಗಲಿಸಿದರೆ ಅವುಗಳ ನಡುವಿನ ಗಾಳಿಯಲ್ಲಿಯೇ ಕಿಡಿಯ ಸೇತುವೆಯೊಂದು ಏಳುತ್ತದೆ. ಲೋಹ ಸುಟ್ಟು ಕರಗುತ್ತದೆ. ಇಂಗ್ಲೆಂಡಿನ ನ್ಯೂಕ್ಯಾಸಲಿನ ಜಾನ್ ಹೆನ್ರಿ ಹೋಮ್ಸ್ ಎಂಬಾತ 1884ರಲ್ಲಿ ಇದಕ್ಕೆ ಉಪಾಯ ಕಂಡುಹಿಡಿದ. ಕೈ ಎಷ್ಟೇ ನಿಧಾನವಾಗಿ ಚಲಿಸಲಿ, ಒಳಗಿನ ಸ್ಪ್ರಿಂಗು ತುದಿಗಳನ್ನು ತಟ್ಟನೆ ಕಿತ್ತುಬಿಡುವಂತೆ ಮಾಡಿದ. ಇಂದಿಗೂ ಸ್ವಿಚ್ಚು ಒತ್ತಿದಾಗ ‘ಟಕ್’ ಎನ್ನುವ ಸದ್ದು ಆ ಸ್ಪ್ರಿಂಗಿನ ಸದ್ದೇ. ಒಳ್ಳೆಯ ಸ್ವಿಚ್ಚನ್ನು ಆರಿಸುವವರು ಮೊದಲು ಕಿವಿಗೊಟ್ಟು ಕೇಳಬೇಕೆಂದು ನಮ್ಮ ವೈರ್‌ಮನ್ ನನಗೆ ಹೇಳಿಕೊಟ್ಟರು. ಸದ್ದು ಗಟ್ಟಿಯಾಗಿ, ಒಂದೇ ಏಟಿಗೆ ಬರಬೇಕು. ಗುಂಡಿಯನ್ನು ನಡುವೆ ನಿಲ್ಲಿಸಲು ಯತ್ನಿಸಿದರೆ ನಿಲ್ಲಬಾರದು. ಈ ಕಡೆಗೋ ಆ ಕಡೆಗೋ ತಾನೇ ಬಿದ್ದುಬಿಡಬೇಕು. ನಡುವೆ ನಿಂತು ಯೋಚಿಸುವ ಸ್ವಿಚ್ಚು ಮನೆಗೆ ಬೆಂಕಿ ಹಚ್ಚೀತು.

*

ನಮ್ಮ ಮನೆಯಲ್ಲಿ ಸುಮಾರು ನಲವತ್ತು ದೀಪಗಳಿವೆ. ಅವುಗಳಲ್ಲಿ ಮೂವತ್ತೊಂಬತ್ತು ದೀಪಗಳು ಒಬ್ಬ ಯಜಮಾನನ ಮಾತು ಕೇಳುವ ಸಾಧುಗಳು: ಒಂದು ದೀಪ, ಒಂದು ಗುಂಡಿ. ನಲವತ್ತನೆಯದು ಮೆಟ್ಟಿಲ ದೀಪ. ಅದಕ್ಕೆ ಮೆಟ್ಟಿಲಿನ ಬುಡದಲ್ಲಿ ಒಂದು ಗುಂಡಿ, ತುದಿಯಲ್ಲಿ ಒಂದು. ಕೆಳಗೆ ಹಚ್ಚಿಕೊಂಡು ಮೇಲೆ ಹೋಗಿ ಆರಿಸಬಹುದು. ಮೇಲೆ ಹಚ್ಚಿಕೊಂಡು ಕೆಳಗಿಳಿದು ಆರಿಸಬಹುದು. ಇದಕ್ಕೆ ಬಳಸುವುದು ಟೂ-ವೇ ಸ್ವಿಚ್ಚು.

ಸಾಮಾನ್ಯ ಸ್ವಿಚ್ಚಿಗೆ ಹಿಂಬದಿಯಲ್ಲಿ ಎರಡು ತಿರುಪುಗಳಿರುತ್ತವೆ: ಒಂದರಿಂದ ವಿದ್ಯುತ್ತು ಬರುತ್ತದೆ, ಇನ್ನೊಂದರಿಂದ ಹೋಗುತ್ತದೆ. ಟೂ-ವೇ ಸ್ವಿಚ್ಚಿಗೆ ಮೂರು. ಬಂದ ವಿದ್ಯುತ್ತನ್ನು ಅದು ಎಂದೂ ತಡೆಯುವುದಿಲ್ಲ. ಎರಡು ದಾರಿಗಳಲ್ಲಿ ಒಂದಕ್ಕೆ ತಿರುಗಿಸುತ್ತದೆ, ಅಷ್ಟೆ. ಕೆಳಗಿನ ಸ್ವಿಚ್ಚಿನಿಂದ ಹೊರಟ ಎರಡು ದಾರಿಗಳು ಮೇಲಿನ ಸ್ವಿಚ್ಚಿನ ಎರಡು ದಾರಿಗಳನ್ನು ಸೇರುತ್ತವೆ. ಇಬ್ಬರೂ ಒಂದೇ ದಾರಿಯನ್ನು ಹಿಡಿದರೆ ದೀಪ ಬೆಳಗುತ್ತದೆ. ಬೇರೆಬೇರೆ ದಾರಿ ಹಿಡಿದರೆ ಕತ್ತಲೆ.

ಇಲ್ಲಿನ ಸ್ವಾರಸ್ಯ ಇದು: ಇಂತಹ ಗುಂಡಿಗೆ ‘ಹಚ್ಚುವ ಕಡೆ’, ‘ಆರಿಸುವ ಕಡೆ’ ಎಂಬುದೇ ಇಲ್ಲ. ಉಳಿದ ಗುಂಡಿಗಳನ್ನು ಕೆಳಕ್ಕೆ ಒತ್ತಿದರೆ ಬೆಳಕು, ಮೇಲಕ್ಕೆ ಎತ್ತಿದರೆ ಕತ್ತಲೆ ಎಂದು ಮಗುವೂ ಹೇಳುತ್ತದೆ. ಮೆಟ್ಟಿಲ ದೀಪದ ಒಂದು ಗುಂಡಿಯನ್ನು ಮಾತ್ರ ನೋಡಿ ದೀಪ ಹೊತ್ತಿದೆಯೇ ಆರಿದೆಯೇ ಎಂದು ಯಾವ ಪಂಡಿತನೂ ಹೇಳಲಾರ. ಇನ್ನೊಂದು ಗುಂಡಿ ಎತ್ತ ತಿರುಗಿದೆಯೆಂದು ತಿಳಿದರೆ ಮಾತ್ರ ಇದರ ಅರ್ಥ ಆಗುತ್ತದೆ. ಗಣಿತವನ್ನು ಕಲಿಸುವ ನನ್ನ ಮಿತ್ರರು ಇದನ್ನು ಸಮ-ಬೆಸದ ಲೆಕ್ಕ ಎಂದರು. ಎರಡು ಗುಂಡಿಗಳಿಗೆ ಒಟ್ಟು ನಾಲ್ಕು ಸ್ಥಿತಿ. ಎರಡರಲ್ಲಿ ಬೆಳಕು, ಎರಡರಲ್ಲಿ ಕತ್ತಲೆ. ಮೂರು ಗುಂಡಿಗಳಾದರೆ ಎಂಟು ಸ್ಥಿತಿ. ನಾಲ್ಕರಲ್ಲಿ ಬೆಳಕು, ನಾಲ್ಕರಲ್ಲಿ ಕತ್ತಲೆ. ಗುಂಡಿಗಳು ಎಷ್ಟೇ ಇರಲಿ, ಯಾವ ಒಂದನ್ನು ಒತ್ತಿದರೂ ಬೆಳಕು ಕತ್ತಲೆಯಾಗುತ್ತದೆ, ಕತ್ತಲೆ ಬೆಳಕಾಗುತ್ತದೆ. ಜಾರ್ಜ್ ಬೂಲ್ 1854ರಲ್ಲಿ ಚಿಂತನೆಯ ನಿಯಮಗಳನ್ನು ಕುರಿತು ಗ್ರಂಥ ಬರೆದಾಗ ಅವನ ಎದುರಿಗೆ ವಿದ್ಯುತ್ತಿನ ಗುಂಡಿ ಇರಲಿಲ್ಲ. ಅವನ ಬೀಜಗಣಿತದಲ್ಲಿಯೇ ಸ್ವಿಚ್ಚುಗಳ ಜೋಡಣೆಯನ್ನೆಲ್ಲ ಬರೆಯಬಹುದೆಂದು ಅಮೆರಿಕದ ಕ್ಲಾಡ್ ಶಾನನ್ ಎಂಬ ತರುಣ ವಿದ್ಯಾರ್ಥಿ 1937ರ ತನ್ನ ಪ್ರಬಂಧದಲ್ಲಿ ತೋರಿಸಿದ. ಇಂದಿನ ಗಣಕಯಂತ್ರಗಳೆಲ್ಲ ಆ ದಾರಿಯಲ್ಲಿ ಬಂದವು. ನಮ್ಮ ಮೆಟ್ಟಿಲಿನ ಬುಡದಲ್ಲಿ ಇಷ್ಟು ದೊಡ್ಡ ಶಾಸ್ತ್ರ ಗೋಡೆಗಂಟಿ ಕುಳಿತಿದೆಯೆಂದು ನಾನು ಅರವತ್ತು ದಾಟುವವರೆಗೂ ಅರಿತಿರಲಿಲ್ಲ.

*

ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ವಿದ್ಯುತ್ ಸಾಮಾನಿನ ಅಂಗಡಿಗಳಿಗೆ ಮೊದಲ ಬಾರಿ ಹೋದಾಗ ನಾನು ಶಾಸ್ತ್ರವನ್ನು ಹೊತ್ತುಕೊಂಡು ಹೋಗಿರಲಿಲ್ಲ. ನನ್ನಾಕೆ ಜೊತೆಗಿದ್ದಳು. ಹಳೆಯ ಮನೆಯಲ್ಲಿದ್ದದ್ದು ಮರದ ಹಲಗೆಯ ಮೇಲೆ ಕೂರಿಸಿದ ಕಪ್ಪು ಬೇಕಲೈಟಿನ ಗುಂಡುಗುಂಡಾದ ಸ್ವಿಚ್ಚುಗಳು. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಕಂಡುಹಿಡಿದ ಆ ವಸ್ತು ವಿದ್ಯುತ್ತನ್ನು ಹಾಯಗೊಡುವುದಿಲ್ಲ, ಕಾವಿಗೆ ಕರಗುವುದಿಲ್ಲ. ಅರ್ಧ ಶತಮಾನ ಜಗತ್ತಿನ ಬೆರಳುಗಳೆಲ್ಲ ಅದನ್ನೇ ಒತ್ತಿದವು. ಈಗಿನ ಅಂಗಡಿಯಲ್ಲಿ ಅದು ಹೇಳಹೆಸರಿಲ್ಲ. ಈಗಿನವು ‘ಮಾಡ್ಯುಲರ್’: ಗೋಡೆಯೊಳಗೆ ಒಂದು ಡಬ್ಬಿ, ಅದರ ಮೇಲೆ ಚೌಕಟ್ಟು, ಚೌಕಟ್ಟಿನಲ್ಲಿ ಸ್ವಿಚ್ಚುಗಳು, ಎಲ್ಲದರ ಮೇಲೆ ಒಂದು ಹೊರಫಲಕ. ಒಂದು ಕಂಪನಿಯ ಸ್ವಿಚ್ಚು ಇನ್ನೊಂದು ಕಂಪನಿಯ ಚೌಕಟ್ಟಿನಲ್ಲಿ ಕೂರುವುದಿಲ್ಲ. ಒಂದೇ ಕಂಪನಿಯಲ್ಲಿಯೂ ಒಂದು ಮಾಲೆಯ ಸ್ವಿಚ್ಚು ಇನ್ನೊಂದು ಮಾಲೆಗೆ ಒಗ್ಗದೆ ಹೋಗುವುದುಂಟು. ಬಿಳಿಯದೇ ಬೇಕೆಂದರೆ ಯಾವ ಬಿಳಿ? ಹಾಲಿನ ಬಿಳಿ, ಸುಣ್ಣದ ಬಿಳಿ, ಆನೆಯ ದಂತದ ಬಿಳಿ. ಅಂಗಡಿಯ ದೀಪದಡಿ ಅಕ್ಕತಂಗಿಯರಂತಿದ್ದ ಎರಡು ಫಲಕಗಳನ್ನು ನನ್ನಾಕೆ ಬಾಗಿಲಾಚೆ ಬಿಸಿಲಿಗೆ ಹಿಡಿದು ನೋಡಿದಳು. ಒಂದು ಹಳದಿಗೆ ತಿರುಗಿತ್ತು. “ಬಟ್ಟೆ ಕೊಳ್ಳೋವಾಗ ನಾವು ಹೀಗೇ ನೋಡೋದು” ಎಂದಳು. ಅಂಗಡಿಯವರಿಗೆ ಅವಳ ಮೇಲೆ ಗೌರವ ಹುಟ್ಟಿತು.

ಕೊನೆಗೆ ಅವಳು ಮೆಚ್ಚಿದ್ದು ಬೂದುಬಣ್ಣದ, ಗಾಜಿನಂತೆ ನುಣುಪಾದ ಒಂದು ಮಾಲೆ. ಮನೆಗೆಲ್ಲ ಅದನ್ನೇ ಕೊಂಡೆವು. ಮೆಟ್ಟಿಲಿಗೆಂದು ಅದೇ ಮಾಲೆಯಲ್ಲಿ ಎರಡು ಟೂ-ವೇ ಸ್ವಿಚ್ಚು. ಮುಂದುಗಡೆಯಿಂದ ಅವಕ್ಕೂ ಉಳಿದವಕ್ಕೂ ಎಳ್ಳಷ್ಟೂ ಭೇದವಿಲ್ಲ. ಎಲ್ಲಾ ಒಂದೇ ಥರ. ನನ್ನ ಇಲಾಖೆಯ ಕೆಲಸ ಮುಗಿಯಿತೆಂದು ನಾನು ಸುಖವಾಗಿ ನಿದ್ರೆ ಮಾಡಿದೆ.

*

ಮೆಟ್ಟಿಲ ದೀಪದ ಹಳೆಯ ತಂತಿಗಳನ್ನು ಬಿಚ್ಚಿದ ದಿನ ನಮ್ಮ ತಾಯಿ ಹಜಾರದಲ್ಲಿ ಕುರ್ಚಿಯ ಮೇಲೆ ಕುಳಿತು ಹುರುಳಿಕಾಯಿ ಸೋಸುತ್ತಿದ್ದರು. ಅವರಿಗೆ ಈಗ ಎಂಬತ್ತಾರು. ಕಣ್ಣು ಮಂಜು, ಕಿವಿ ಮಾತ್ರ ಚುರುಕು. ವೈರ್‌ಮನ್ ಕೆಳಗಿನ ಹಲಗೆಯನ್ನು ಬಿಚ್ಚಿದವರು ಅದನ್ನೇ ನೋಡುತ್ತಾ ನಿಂತರು. ಮೇಲೆ ಹೋಗಿ ಅಲ್ಲಿನದನ್ನೂ ಬಿಚ್ಚಿ ನೋಡಿ ಬಂದರು. “ಸಾರ್, ಇದು ಯಾರು ಮಾಡಿದ್ದು?” ಎಂದರು.

ಮಹಡಿ ಕಟ್ಟಿದಾಗ ಯಾರೋ ಒಬ್ಬರು ಮಾಡಿದ್ದು. ಅವರ ಹೆಸರು ಯಾರಿಗೂ ನೆನಪಿಲ್ಲ. ಅವರು ತಂತಿ ಉಳಿಸಿದ್ದರು. ಸರಿಯಾದ ಕ್ರಮದಲ್ಲಿ ಫೇಸಿನ ತಂತಿ ಮಾತ್ರ ಸ್ವಿಚ್ಚುಗಳನ್ನು ಹಾದು ದೀಪಕ್ಕೆ ಬರಬೇಕು. ನ್ಯೂಟ್ರಲ್ ನೇರವಾಗಿ ದೀಪಕ್ಕೆ ಹೋಗಬೇಕು. ಇದಕ್ಕೆ ಕೆಳಗಿನಿಂದ ಮೇಲಕ್ಕೆ ಅನೇಕ ಎಳೆಗಳು ಬೇಕು. ಅದರ ಬದಲು ಕೆಳಗಿನ ಸ್ವಿಚ್ಚಿಗೆ ಅಲ್ಲಿಯೇ ಇದ್ದ ಫೇಸು, ನ್ಯೂಟ್ರಲ್ ಎರಡನ್ನೂ ಕೊಟ್ಟಿದ್ದರು. ಮೇಲಿನ ಸ್ವಿಚ್ಚಿಗೆ ಮಹಡಿಯಲ್ಲಿದ್ದ ಫೇಸು, ನ್ಯೂಟ್ರಲ್ ಎರಡನ್ನೂ ಕೊಟ್ಟಿದ್ದರು. ಪ್ರತಿಯೊಂದು ಸ್ವಿಚ್ಚಿನಿಂದ ಒಂದೊಂದೇ ತಂತಿ ದೀಪಕ್ಕೆ. ಒಂದು ಗುಂಡಿ ಫೇಸನ್ನೂ ಇನ್ನೊಂದು ನ್ಯೂಟ್ರಲನ್ನೂ ಕಳುಹಿಸಿದರೆ ದೀಪ ಹೊತ್ತುತ್ತದೆ. ಎರಡೂ ನ್ಯೂಟ್ರಲನ್ನೇ ಕಳುಹಿಸಿದರೆ ದೀಪ ಆರಿರುತ್ತದೆ. ಎರಡೂ ಫೇಸನ್ನೇ ಕಳುಹಿಸಿದರೂ ದೀಪ ಆರಿಯೇ ಇರುತ್ತದೆ; ಆದರೆ ಆರಿದ ದೀಪದ ಎರಡು ತುದಿಗಳಲ್ಲಿಯೂ 230 ವೋಲ್ಟು ಕಾದು ಕುಳಿತಿರುತ್ತದೆ. ನ್ಯೂಟ್ರಲಿನಲ್ಲಿ ಒಂಟಿ ಸ್ವಿಚ್ಚು ಇಡಕೂಡದೆಂದು 1956ರ ವಿದ್ಯುತ್ ನಿಯಮಗಳಲ್ಲಿಯೇ ಇತ್ತು. ನಿಯಮ ಪುಸ್ತಕದಲ್ಲಿ ಉಳಿಯಿತು.

ವೈರ್‌ಮನ್ ನನಗೆ ಕಾಣಿಸಲೆಂದು ತೋರಿಸಿದರು. ಎರಡು ಗುಂಡಿಗಳನ್ನೂ ಕೆಳಕ್ಕೆ ಒತ್ತಿ ಹೋಲ್ಡರಿಗೆ ಟೆಸ್ಟರ್ ಇಟ್ಟರು, ಹೊತ್ತಲಿಲ್ಲ. ಎರಡನ್ನೂ ಮೇಲಕ್ಕೆ ಎತ್ತಿಸಿದರು. ಟೆಸ್ಟರಿನ ಪುಟ್ಟ ಕೆಂಪು ದೀಪ ಒಂದು ತುದಿಯಲ್ಲಿ ಹೊತ್ತಿತು. ಇನ್ನೊಂದು ತುದಿಯಲ್ಲಿಯೂ ಹೊತ್ತಿತು.

“ಎರಡೂ ಮೇಲಕ್ಕಿದ್ದಾಗ ದೀಪ ಆರಿದೆ ಅಂತ ಯಾರಾದರೂ ಕೈ ಹಾಕಿದರೆ ಮುಗೀತು ಸಾರ್” ಎಂದರು.

ಹಿಂದೆ ಹುರುಳಿಕಾಯಿ ಮುರಿಯುವ ಸದ್ದು ನಿಂತಿತ್ತು.

“ಏನಪ್ಪಾ, ಇನ್ನೊಂದು ಸಲ ಹೇಳು. ಎರಡೂ ಮೇಲಕ್ಕಿದ್ದರೂ ಕರೆಂಟು ಇರ್ತಿತ್ತಾ?”

“ಇರ್ತಿತ್ತಮ್ಮಾ.”

“ಮೊದಲಿಂದಲೂನಾ?”

“ಈ ತಂತಿ ಹಾಕಿದ ದಿನದಿಂದಲೂ ಇದ್ದೇ ಇರುತ್ತಮ್ಮಾ.”

ತಾಯಿಯವರು ಮತ್ತೇನೂ ಕೇಳಲಿಲ್ಲ. ಮೊರವನ್ನು ನೆಲದ ಮೇಲಿಟ್ಟು, ಗೋಡೆ ಹಿಡಿದುಕೊಂಡು ತಮ್ಮ ಕೋಣೆಗೆ ಹೋದರು.

*

1976ರ ಮಳೆಗಾಲ. ನಾನು ಎಂಟನೆಯ ತರಗತಿಯಲ್ಲಿದ್ದೆ. ಮೆಟ್ಟಿಲ ದೀಪ ಕೆಟ್ಟಿತ್ತು. ತಂದೆಯವರು ಎಲ್ಲದರಲ್ಲಿಯೂ ಎಚ್ಚರದ ಮನುಷ್ಯ. ಕೆಟ್ಟುಹೋದ ಬಲ್ಬಿನ ಗುಂಡಿ ಯಾವ ಕಡೆ ಇದ್ದರೆ ಕ್ಷೇಮವೆಂದು ಬಲ್ಬು ಹೇಳುವುದಿಲ್ಲವಷ್ಟೆ. ಆದಕಾರಣ ಅವರು ಎಂದೋ ಒಂದು ಸೂತ್ರ ಮಾಡಿಕೊಂಡಿದ್ದರು. ಎರಡೂ ಗುಂಡಿಗಳು ಮೇಲಕ್ಕಿದ್ದರೆ ದೀಪ ಆರಿರುತ್ತದೆ. ಅಂದೂ ಮೇಲೆ ಹೋಗಿ ನೋಡಿಬಂದರು, ಕೆಳಗೂ ನೋಡಿದರು, ಸ್ಟೂಲು ಹತ್ತಿದರು. ನಾನು ಸ್ಟೂಲು ಹಿಡಿದುಕೊಂಡಿದ್ದೆ. ಅಷ್ಟರಲ್ಲಿ ಮಳೆ ಬಂತು. ತಾಯಿ ಮಹಡಿಯ ಮೇಲೆ ಒಣಗಿದ್ದ ಬಟ್ಟೆಗಳನ್ನು ತರಲು ನಮ್ಮ ಪಕ್ಕದಲ್ಲಿಯೇ ನುಸುಳಿಕೊಂಡು ಓಡಿಹೋದರು.

ಹಳೆಯ ಬಲ್ಬು ಹಿಡಿದುಕೊಂಡಿತ್ತು. ತಿರುಗಿಸಿದಾಗ ಗಾಜು ಕಳಚಿ ಕೈಗೆ ಬಂತು; ಹಿತ್ತಾಳೆಯ ಬುಡ ಹೋಲ್ಡರಿನಲ್ಲೇ ಉಳಿಯಿತು. ಅದರಿಂದ ಚಾಚಿದ್ದ ಸಣ್ಣ ತಂತಿಗಳಿಗೆ ತಂದೆಯವರ ಬೆರಳು ತಗುಲಿತು. ಅವರು ಮೆಟ್ಟಿಲಿನ ಮೇಲೆ ಬಿದ್ದು ಬಲಗೈ ಮುರಿಯಿತು. ಅಷ್ಟರಲ್ಲೇ ಹೋಯಿತೆಂದು ಎಲ್ಲರೂ ಸಮಾಧಾನ ಹೇಳಿದರು. ಆ ಕಾಲದ ಮನೆಗಳಲ್ಲಿದ್ದದ್ದು ಫ್ಯೂಸಿನ ತಂತಿಯೊಂದೇ. ಅದು ತಂತಿಯನ್ನು ಕಾಯುತ್ತದೆಯೇ ಹೊರತು ಮನುಷ್ಯನನ್ನಲ್ಲ. ಮನುಷ್ಯನನ್ನು ಕೊಲ್ಲಲು ಬೇಕಾಗುವ ಪ್ರವಾಹ ಆ ಫ್ಯೂಸಿಗೆ ಗೊತ್ತೇ ಆಗದಷ್ಟು ಅಲ್ಪ.

ನೆರೆಯವರು ಸೇರಿದರು. ಎರಡೂ ಗುಂಡಿ ನೋಡಿಕೊಂಡು ಹತ್ತಿದವರಿಗೆ ಕರೆಂಟು ಹೊಡೆದದ್ದು ಹೇಗೆ ಎಂದು ಯಾರೋ ಕೇಳಿದರು. “ಅಮ್ಮ ಆಗ ತಾನೇ ಮೇಲಕ್ಕೆ ಹೋದಳು” ಎಂದೆ ನಾನು. ಸತ್ಯವನ್ನೇ ಹೇಳಿದ್ದೆ. ಹದಿಮೂರು ವರ್ಷದ ಹುಡುಗ ಎಲ್ಲರೆದುರಿಗೆ ಹೇಳಿದ ಆ ಒಂದು ಸತ್ಯದ ಉಳಿದ ಭಾಗವನ್ನು ಎಲ್ಲರೂ ತಾವೇ ತುಂಬಿಕೊಂಡರು. ತಂದೆಯವರು ಒಮ್ಮೆ ಮಾತ್ರ ಕೇಳಿದರು: “ಮೇಲಿನ ಸ್ವಿಚ್ಚು ಏನಾದರೂ ಮುಟ್ಟಿದೆಯಾ?” ಬಟ್ಟೆಯ ರಾಶಿಯನ್ನು ಎದೆಗವಚಿಕೊಂಡಿದ್ದ ತಾಯಿಗೆ ನೆನಪಿರಲಿಲ್ಲ. “ಮುಟ್ಟಿರಬಹುದೇನೋ” ಎಂದರು. ಮತ್ತೆಂದೂ ಆ ಮಾತು ಮನೆಯಲ್ಲಿ ಬರಲಿಲ್ಲ.

ಮಾತು ಬರಲಿಲ್ಲ, ಆದರೆ ತಾಯಿ ಆ ದೀಪದ ಗುಂಡಿಯನ್ನು ಮತ್ತೆ ಮುಟ್ಟಲಿಲ್ಲ. ನನಗೆ ಇದು ಗೊತ್ತಿತ್ತು, ಗೊತ್ತಿರಲಿಲ್ಲ. ರಾತ್ರಿ ಬಚ್ಚಲಿಗೆ ಹೋಗಬೇಕಾದರೆ ಅವರು ತಮ್ಮ ಕೋಣೆಯಿಂದ ಮೆಟ್ಟಿಲಿನ ಬುಡವನ್ನು ದಾಟಿಹೋಗಬೇಕು. ಅಲ್ಲಿ ಬೇರೆ ದೀಪವಿಲ್ಲ. ಹತ್ತಿರ ಹತ್ತಿರ ಐವತ್ತು ವರ್ಷ ಅವರು ಗೋಡೆ ಸವರಿಕೊಂಡೇ ಹೋಗಿಬಂದಿದ್ದಾರೆ. “ದೀಪ ಹಾಕಿಕೊಳ್ಳಬಾರದೇ ಅಮ್ಮ” ಎಂದರೆ “ನನಗೆ ಅಭ್ಯಾಸ ಕಣೋ, ಸುಮ್ಮನೆ ಯಾಕೆ ಕರೆಂಟು ದಂಡ” ಎನ್ನುತ್ತಿದ್ದರು. ಹಳೆಯ ಕಾಲದವರ ಜಿಪುಣತನವೆಂದು ನಾವು ನಗುತ್ತಿದ್ದೆವು. ತಂದೆಯವರು 2004ರಲ್ಲಿ ತೀರಿಕೊಂಡರು. ಗೋಡೆಯ ಮೇಲೆ ಭುಜದೆತ್ತರದಲ್ಲಿ ತಾಯಿಯ ಅಂಗೈ ಉಜ್ಜಿ ಮಾಸಿದ ಒಂದು ಗೆರೆ ಮೂಡಿತ್ತು. ಬಣ್ಣದವರು ಅದನ್ನು ಕೆರೆದು ತೆಗೆಯಲು ಒಂದು ದಿನ ಕಷ್ಟಪಟ್ಟರು.

ಅಂದು ರಾತ್ರಿ ನಾನು ಕಾಗದದ ಮೇಲೆ ಆ ಹಳೆಯ ಜೋಡಣೆಯನ್ನು ಬರೆದು ನೋಡಿದೆ. ತಾಯಿ ಮೇಲಿನ ಗುಂಡಿಯನ್ನು ಮುಟ್ಟಿರದಿದ್ದರೆ ಎರಡು ತುದಿಗಳಲ್ಲಿಯೂ ಫೇಸು, ತಂದೆಗೆ ಹೊಡೆಯುತ್ತಿತ್ತು. ಮುಟ್ಟಿದ್ದರೆ ಒಂದು ತುದಿಯಲ್ಲಿ ಫೇಸು, ಆಗಲೂ ಹೊಡೆಯುತ್ತಿತ್ತು. ಮುಟ್ಟಿದರೂ ಅಷ್ಟೇ, ಮುಟ್ಟದಿದ್ದರೂ ಅಷ್ಟೇ. ತಂದೆಯವರು ಸ್ಟೂಲು ಹತ್ತುವ ಮೊದಲೇ, ಮಳೆ ಬರುವ ಮೊದಲೇ ಅದು ಅಲ್ಲಿತ್ತು. ಯಾವ ಗುಂಡಿಯನ್ನು ಯಾರು ಒತ್ತಿದರೆಂಬ ಪ್ರಶ್ನೆಗೆ ಬೆಲೆಯೇ ಇರಲಿಲ್ಲ. ಆ ಪ್ರಶ್ನೆಯನ್ನು ಮೊದಲು ಎತ್ತಿಕೊಟ್ಟವನು ನಾನು.

ಬೆಳಿಗ್ಗೆ ಕಾಗದವನ್ನು ತಾಯಿಗೆ ವಿವರಿಸಹೊರಟೆ. ಅವರು ಕೈಯಾಡಿಸಿ ತಡೆದರು. “ಗೊತ್ತಾಯ್ತು ಬಿಡು. ನಿನ್ನೆಯೇ ಗೊತ್ತಾಯ್ತು” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಅವರಿಗೆ ಗೊತ್ತಾಗಲಿಲ್ಲವಲ್ಲ” ಎಂದರು.

*

ಮೆಟ್ಟಿಲ ದೀಪಕ್ಕೆ ಮೂರನೆಯ ಗುಂಡಿಯೊಂದು ಬೇಕೆಂದು ನಾನು ಅಂದು ನಿಶ್ಚಯಿಸಿದೆ. ತಾಯಿಯ ಮಂಚದ ಪಕ್ಕದಲ್ಲಿ, ಮಲಗಿದಲ್ಲಿಂದಲೇ ಕೈಗೆ ಸಿಗುವಂತೆ. ವೈರ್‌ಮನ್ “ಆಗಬಹುದು ಸಾರ್, ಆದರೆ ನಡುವಿನದಕ್ಕೆ ಇಂಟರ್‌ಮೀಡಿಯೆಟ್ ಬೇಕು” ಎಂದರು. ಎರಡು ತುದಿಗಳಲ್ಲಿ ಟೂ-ವೇ ಸ್ವಿಚ್ಚು. ಅವುಗಳ ನಡುವಿನ ಎರಡು ದಾರಿಗಳಲ್ಲಿ ಈ ಮೂರನೆಯದು. ಇದಕ್ಕೆ ನಾಲ್ಕು ತಿರುಪು. ಒಂದು ಸ್ಥಿತಿಯಲ್ಲಿ ಎರಡು ದಾರಿಗಳನ್ನೂ ನೇರವಾಗಿ ಬಿಡುತ್ತದೆ. ಇನ್ನೊಂದರಲ್ಲಿ ಅವನ್ನು ಅದಲುಬದಲು ಮಾಡುತ್ತದೆ. ಇಂತಹವನ್ನು ನಡುವೆ ಎಷ್ಟು ಬೇಕಾದರೂ ಸೇರಿಸುತ್ತಾ ಹೋಗಬಹುದು. ಪ್ರತಿಯೊಂದಕ್ಕೂ ಸಮಾನ ಅಧಿಕಾರ.

ಮತ್ತೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ. ನಾವು ಕೊಂಡಿದ್ದ ಬೂದುಬಣ್ಣದ ಮಾಲೆಯಲ್ಲಿ ಇಂಟರ್‌ಮೀಡಿಯೆಟ್ ಇಲ್ಲವೆಂದು ಅಂಗಡಿಯವರು ಹೇಳಿದರು. ಬೇರೆ ಅಂಗಡಿಗಳಲ್ಲಿಯೂ ಅದೇ ಉತ್ತರ. “ಅದನ್ನ ಯಾರೂ ಕೇಳಲ್ಲ ಸಾರ್. ಓಡಾಡಿದರೆ ತಾನೇ ಹೊತ್ತೋ ಸೆನ್ಸರ್ ಹಾಕಿಸಿ” ಎಂದರೊಬ್ಬರು. ಯೋಗ್ಯವಾದ ಸಲಹೆಯೇ. ಆದರೆ ನಮ್ಮ ತಾಯಿ ನಡೆಯುವ ನಡಿಗೆಯಲ್ಲಿ ನಡುನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ಅಲುಗಾಟ ಕಾಣದೆ ದೀಪ ತಾನೇ ಆರಿಬಿಟ್ಟರೆ? ಅದಕ್ಕಿಂತ ಹೆಚ್ಚಾಗಿ, ದೀಪ ತಾನಾಗಿ ಹೊತ್ತಬೇಕೆಂಬುದು ನನ್ನ ಇಚ್ಛೆಯಾಗಿರಲಿಲ್ಲ. ಅವರ ಕೈಯಿಂದ ಹೊತ್ತಬೇಕಾಗಿತ್ತು. ಕತ್ತಲಲ್ಲಿ ಮಿನುಗುವ ಚುಕ್ಕೆಯುಳ್ಳ ಸ್ವಿಚ್ಚನ್ನು ಇನ್ನೊಬ್ಬರು ತೋರಿಸಿದರು. ಆ ಚುಕ್ಕೆಯ ಅಲ್ಪ ಪ್ರವಾಹಕ್ಕೇ ಕೆಲವು ಎಲ್‌ಇಡಿ ದೀಪಗಳು ಆರಿಸಿದ ಮೇಲೂ ಮಿಣುಕುತ್ತಿರುತ್ತವೆಂದು ವೈರ್‌ಮನ್ ಬೇಡವೆಂದರು. ಈಗಿನ 9 ವ್ಯಾಟಿನ ದೀಪ ಹಳೆಯ 60 ವ್ಯಾಟಿನ ಬಲ್ಬಿಗಿಂತ ಅಷ್ಟು ಸೂಕ್ಷ್ಮ.

ಇಂಟರ್‌ಮೀಡಿಯೆಟ್ ಕೊನೆಗೆ ಸಿಕ್ಕಿದ್ದು ಇನ್ನೊಂದು ಕಂಪನಿಯ ಸಾದಾ ಬಿಳಿಯ ಮಾಲೆಯಲ್ಲಿ. ಅದರಲ್ಲಿ ಒನ್-ವೇ, ಟೂ-ವೇ, ಇಂಟರ್‌ಮೀಡಿಯೆಟ್ ಮೂರೂ ಇದ್ದವು. ಗುಂಡಿ ಅಗಲವಾಗಿತ್ತು, ಮೇಲ್ಮೈ ನುಣುಪಲ್ಲ, ಸ್ವಲ್ಪ ತರಿತರಿ. ಬೆರಳಿಗೆ ಇದು ಸ್ವಿಚ್ಚು, ಇದು ಫಲಕ ಎಂದು ಗೊತ್ತಾಗುತ್ತಿತ್ತು. ಆದರೆ ಒಂದು ಗುಂಡಿಗಾಗಿ ಮನೆಯ ಸ್ವಿಚ್ಚುಗಳನ್ನೆಲ್ಲ ಬದಲಿಸುವುದೇ? ತಾಯಿಯ ಕೋಣೆಯಲ್ಲಿ ಮಾತ್ರ ಬಿಳಿಯದನ್ನು ಹಾಕಿ, ಉಳಿದ ಕಡೆ ಬೂದಿಯದನ್ನೇ ಇಟ್ಟುಕೊಳ್ಳಬಹುದಾಗಿತ್ತು. ವಿದ್ಯುತ್ತಿಗೆ ಬಣ್ಣದ ಭೇದವಿಲ್ಲ. ನಾನು ಹಾಗೆಯೇ ಹೇಳಲು ಬಾಯಿ ತೆರೆದೆ. ನನ್ನಾಕೆ ಬಿಳಿಯ ಗುಂಡಿಯನ್ನು ಕಣ್ಣುಮುಚ್ಚಿ ಬೆರಳಿನಿಂದ ಸವರಿ ನೋಡುತ್ತಿದ್ದಳು. “ಎಲ್ಲಾ ಇದೇ ಇರಲಿ” ಎಂದಳು. “ಅತ್ತೆಯ ಕೋಣೆಗೆ ಮಾತ್ರ ಬೇರೆ ಥರದ್ದು ಅಂತ ಆಗೋದು ಬೇಡ.” ಪೊಟ್ಟಣ ಒಡೆಯದಿದ್ದ ಬೂದು ಸಾಮಾನನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಂಡರು, ಒಡೆದದ್ದು ನಮ್ಮ ನಷ್ಟಕ್ಕೆ ಸೇರಿತು.

ಹೊಸ ತಂತಿಗಳು ಕೊಳವೆಯೊಳಗೆ ಬಂದವು. ಮೆಟ್ಟಿಲ ದೀಪದ ನ್ಯೂಟ್ರಲ್ ಯಾವ ಗುಂಡಿಯ ಬಳಿಗೂ ಹೋಗದೆ ನೇರವಾಗಿ ದೀಪಕ್ಕೆ ಬಂತು. ಮೇನಿನ ಪಕ್ಕದಲ್ಲಿ, 30 ಮಿಲಿಯಾಂಪಿಯರಿನಷ್ಟು ಪ್ರವಾಹ ದಾರಿ ತಪ್ಪಿದರೂ ತಟ್ಟನೆ ಮನೆಯ ವಿದ್ಯುತ್ತನ್ನು ಕಡಿದುಬಿಡುವ ಕಾವಲುಗಾರನೊಂದು ಕುಳಿತಿತು. ಇಷ್ಟಾದರೂ ಬಲ್ಬು ಬದಲಿಸುವಾಗ ಗುಂಡಿಗಳನ್ನು ನಂಬಬೇಡಿ, ಮೇನು ಆರಿಸಿ ಎಂದು ವೈರ್‌ಮನ್ ಎರಡು ಬಾರಿ ಹೇಳಿದರು. ನಾನು ಅದನ್ನು ಬರೆದು ಮೇನಿನ ಬಾಗಿಲೊಳಗೆ ಅಂಟಿಸಿದ್ದೇನೆ.

ಹಚ್ಚಿದ ಮೊದಲ ರಾತ್ರಿ ನಾನು ಮಹಡಿಯಲ್ಲಿ ಮಲಗಿದ್ದೆ. ಎರಡು ಗಂಟೆಯ ಸುಮಾರಿಗೆ ಎಚ್ಚರವಾಯಿತು. ಬಾಗಿಲಿನ ಸಂದಿಯಲ್ಲಿ ಬೆಳಕು. ಆರಿಸುವುದನ್ನು ಮರೆತು ಮಲಗಿಬಿಟ್ಟೆನೆಂದು ಎದ್ದು ಹೋಗಿ ಮೆಟ್ಟಿಲಿನ ತುದಿಯ ಗುಂಡಿಯನ್ನು ಒತ್ತಿದೆ. ಕತ್ತಲೆಯಾಯಿತು. ಮರುಕ್ಷಣವೇ ಕೆಳಗೆಲ್ಲೋ ‘ಟಕ್’ ಎಂದಿತು. ದೀಪ ಮತ್ತೆ ಹೊತ್ತಿತು.

“ಯಾರೋ ಅದು, ದೀಪ ಆರಿಸಿದ್ದು?” ಕೆಳಗಿನಿಂದ ಗಟ್ಟಿಯಾದ ದನಿ.

“ನಾನೇ ಅಮ್ಮ. ಗೊತ್ತಾಗಲಿಲ್ಲ” ಎಂದೆ.